ತೊಡೆಯ ಮೇಲಿನ ಕೂಸು, ನ್ಯೂಟನ್ನನ ಲೆಕ್ಕ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಇಲ್ಲಿ ಉಪ್ಪಿನಕಾಯಿಯ ಬಗ್ಗೆ ಮಾತಾಯಿತು. ಅದರ ಹಿಂದಿನ ತಿಂಗಳು ಮಂಡಿನೋವಿಗೆ ಯೋಗ. ಈ ತಿಂಗಳು ಭೌತವಿಜ್ಞಾನ ಎಂದು ವಾಟ್ಸಾಪ್ ಗುಂಪಿನಲ್ಲಿ ಬಂದ ಕೂಡಲೇ ಒಬ್ಬರು ನನಗೇ ಫೋನ್ ಮಾಡಿ, “ಟೀಚರ್, ಈ ಸಲ ತಿಂಡಿ ಏನದ?” ಎಂದು ಕೇಳಿದರು. ತಿಂಡಿ ಇದೆ. ಸುಸಲಾ, ಮಿರ್ಚಿ ಭಜಿ. ಅದಕ್ಕೂ ಮೊದಲು ಇಪ್ಪತ್ತು ನಿಮಿಷ ನನ್ನನ್ನು ಸಹಿಸಿಕೊಳ್ಳಬೇಕು.

ನಾನು ರಾಯಚೂರಿನವಳು. ಮದುವೆಯಾಗಿ ಕಾಚಿಗೂಡಕ್ಕೆ ಬಂದೆ, ಇಲ್ಲಿಯವಳೇ ಆಗಿಬಿಟ್ಟೆ. 31 ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿದೆ. ಒಂಬತ್ತನೇ ತರಗತಿಗೆ ‘ಬಲ ಮತ್ತು ಚಲನೆ’ ಅಂತ ಒಂದು ಪಾಠ ಇರುತ್ತದೆ. ಅದನ್ನು ಪುಸ್ತಕ ತೆರೆಯದೆ ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು. ಆ ಪಾಠವನ್ನು ನಾನು ನಿಜವಾಗಿ ಕಲಿತದ್ದು ಯಾವಾಗ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಇವತ್ತು ಮಾತಾಡಲು ಒಪ್ಪಿಕೊಂಡದ್ದೇ ಅದನ್ನು ಹೇಳುವುದಕ್ಕೆ.

ಮೊದಲು ಒಂದು ಸಣ್ಣ ಆಟ. ನೋಡಿ, ಇದು ಸ್ಟೀಲಿನ ಲೋಟ. ಬಾಯಿಯ ಮೇಲೆ ಒಂದು ಪೋಸ್ಟ್‌ಕಾರ್ಡು ಇಟ್ಟಿದ್ದೇನೆ. ಅದರ ಮೇಲೆ ಐದು ರೂಪಾಯಿಯ ನಾಣ್ಯ. ಈಗ ಕಾರ್ಡನ್ನು ಬೆರಳಿನಿಂದ ಪಟ್ಟನೆ ಚಿಮ್ಮಿಸುತ್ತೇನೆ. ಕಾರ್ಡು ಹಾರಿಹೋಯಿತು. ನಾಣ್ಯ ಠಣ್ ಎಂದು ಲೋಟದೊಳಗೆ ಬಿತ್ತು. ನಾನು ಬಲ ಹಾಕಿದ್ದು ಕಾರ್ಡಿನ ಮೇಲೆ, ನಾಣ್ಯದ ಮೇಲಲ್ಲ. ಕಾರ್ಡು ಸರಿಯುವಾಗ ಅದನ್ನು ಸ್ವಲ್ಪ ಎಳೆದಿರಬಹುದು, ಆದರೆ ಆ ಎಳೆತ ಬಹಳ ಕಡಿಮೆ, ಸಿಕ್ಕ ಸಮಯ ಇನ್ನೂ ಕಡಿಮೆ. ಹಾಗಾಗಿ ನಾಣ್ಯ ಇದ್ದಲ್ಲೇ ಇತ್ತು. ಕೆಳಗಿನ ಆಧಾರ ಹೋದ ಮೇಲೆ ನೆಟ್ಟಗೆ ಕೆಳಗೆ ಬಿತ್ತು.

ಇದನ್ನೇ ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ಮೊದಲನೆಯ ನಿಯಮ ಎಂದು ಬರೆದಿಟ್ಟ. ನಿಂತದ್ದು ನಿಂತೇ ಇರುತ್ತದೆ. ಚಲಿಸುತ್ತಿರುವುದು ಅದೇ ವೇಗದಲ್ಲಿ, ನೇರ ದಾರಿಯಲ್ಲಿ ಚಲಿಸುತ್ತಲೇ ಇರುತ್ತದೆ. ಹೊರಗಿನಿಂದ ಒಂದು ಬಲ ಬಿದ್ದಾಗ ಮಾತ್ರ ಅದು ಬದಲಾಗುತ್ತದೆ. ಈ ಗುಣಕ್ಕೆ ಕನ್ನಡದಲ್ಲಿ ಜಡತ್ವ ಎಂದು ಹೆಸರು. ಜಡ ಎಂದ ಕೂಡಲೇ ಹಾಸಿಗೆ ಬಿಟ್ಟು ಏಳದವರು ನೆನಪಾಗುತ್ತಾರೆ. ಅದು ಅರ್ಧ ಅರ್ಥ ಅಷ್ಟೇ. ಓಡುತ್ತಿರುವುದು ನಿಲ್ಲಲು ಒಪ್ಪದಿರುವುದೂ ಜಡತ್ವವೇ. ಅಪಾಯ ಇರುವುದು ಈ ಇನ್ನರ್ಧದಲ್ಲಿ.

ನಮಗೆ ಇದು ಹೊಸದೇನಲ್ಲ. ಚಾದರ ಕೊಡವುತ್ತೇವೆ. ಬಟ್ಟೆ ಸರ್ರನೆ ಹಿಂದಕ್ಕೆ ಬರುತ್ತದೆ, ಧೂಳು ಇದ್ದಲ್ಲೇ ಉಳಿದು ಕೆಳಗೆ ಬೀಳುತ್ತದೆ. ತೊಳೆದ ಕೊತ್ತಂಬರಿ ಕಟ್ಟನ್ನು ಬೀಸಿ ಗಕ್ಕನೆ ನಿಲ್ಲಿಸುತ್ತೇವೆ. ಸೊಪ್ಪು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಕಡ್ಡಿ ಕಸಬರಿಗೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸಮ ಮಾಡುತ್ತೇವೆ. ಇದನ್ನೆಲ್ಲ ನಮ್ಮ ಅವ್ವಂದಿರು ನ್ಯೂಟನ್ನನ ಹೆಸರು ಕೇಳದೆಯೇ ಮಾಡುತ್ತಿದ್ದರು.

ಹಾಗಾದರೆ ಓಡುವ ವಸ್ತುಗಳೆಲ್ಲ ತಾವಾಗಿ ನಿಲ್ಲುತ್ತವಲ್ಲ ಎಂದು ನೀವು ಕೇಳಬಹುದು. ತಾವಾಗಿ ನಿಲ್ಲುವುದಿಲ್ಲ, ಘರ್ಷಣೆ ನಿಲ್ಲಿಸುತ್ತದೆ. ಬೇಸಿಗೆ ರಜೆಯಲ್ಲಿ ಕೇರಂ ಆಡಿದವರಿಗೆ ಗೊತ್ತು. ಬೋರ್ಡಿನ ಮೇಲೆ ಪೌಡರ್ ಉದುರಿಸಿದರೆ ಅದೇ ಸ್ಟ್ರೈಕರ್, ಅದೇ ಹೊಡೆತ, ಆದರೆ ಇನ್ನೂ ದೂರ ಹೋಗುತ್ತದೆ. ಘರ್ಷಣೆ ಕಡಿಮೆಯಾದಷ್ಟೂ ಓಟ ಜಾಸ್ತಿ. ನೆಲ ಒರೆಸಿದ ಮೇಲೆ ಸೋಪಿನ ನೀರಿನ ಮೇಲೆ ಕಾಲಿಟ್ಟಾಗ ಆಗುವುದೂ ಅದೇ. ಹೆಜ್ಜೆ ಇಡುವಾಗ ಪಾದವನ್ನು ಹಿಡಿದು ನಿಲ್ಲಿಸಬೇಕಾದ ಘರ್ಷಣೆ ಅಲ್ಲಿ ಇರುವುದಿಲ್ಲ. ಪಾದ ಮುಂದೆ ಹೋಗುತ್ತದೆ, ನಾವು ಹಿಂದೆ ಬೀಳುತ್ತೇವೆ. ಅರವತ್ತು ದಾಟಿದವರು ದಯವಿಟ್ಟು ಒಣಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಇನ್ನು ಗ್ಯಾಸ್ ಸಿಲಿಂಡರ್. ಮನೆಗೆ ಬರುವ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ. ಕಬ್ಬಿಣದ ತೂಕ ಸೇರಿದರೆ ಸುಮಾರು 30 ಕೆಜಿ. ಖಾಲಿಯಾದದ್ದನ್ನು ಒಂದು ಕೈಯಲ್ಲಿ ಸರಿಸುತ್ತೇವೆ. ತುಂಬಿದ್ದಕ್ಕೆ ಎರಡು ಕೈ, ಸ್ವಲ್ಪ ಸೊಂಟ, ಸ್ವಲ್ಪ ಬೈಗುಳ ಎಲ್ಲ ಬೇಕು. ಅದನ್ನೇ ವಾರೆ ಮಾಡಿ ಬುಡದ ಅಂಚಿನ ಮೇಲೆ ಉರುಳಿಸಿಕೊಂಡು ಹೋದರೆ ಸುಲಭ, ಏಕೆಂದರೆ ಜಾರುವಾಗಿನ ಘರ್ಷಣೆಗಿಂತ ಉರುಳುವಾಗಿನ ಘರ್ಷಣೆ ಬಹಳ ಕಡಿಮೆ. ಆದರೆ ಹಾಗೆ ಉರುಳುತ್ತಿರುವ ಸಿಲಿಂಡರ್ ಕೈ ತಪ್ಪಿ ಇಳಿಜಾರಿನಲ್ಲಿ ಹೊರಟರೆ ಯಾರಾದರೂ ಕಾಲು ಕೊಟ್ಟು ನಿಲ್ಲಿಸುತ್ತೀರಾ? ಇಲ್ಲ. ಕಾರಣ ನಿಮಗೆ ಗೊತ್ತು. ಚಲಿಸುವಂತೆ ಮಾಡಲು ಎಷ್ಟು ಕಷ್ಟವೋ ನಿಲ್ಲಿಸಲೂ ಅಷ್ಟೇ ಕಷ್ಟ. ಇದು ಎರಡನೆಯ ನಿಯಮದ ಸಾರ. ತೂಕ ಹೆಚ್ಚಿದ್ದರೆ ಹೆಚ್ಚು ಬಲ ಬೇಕು. ವೇಗ ಹೆಚ್ಚಿದ್ದರೂ ಹೆಚ್ಚು ಬಲ ಬೇಕು. ಎಷ್ಟು ಬೇಗ ನಿಲ್ಲಿಸಬೇಕೋ ಅಷ್ಟೂ ಹೆಚ್ಚು ಬಲ ಬೇಕು.

ಇದಕ್ಕೆ ಉದಾಹರಣೆ ನಮ್ಮ ಮನೆ ಬಾಗಿಲಲ್ಲೇ ಇದೆ. 1916ರಲ್ಲಿ, ನಿಜಾಮರ ಕಾಲದಲ್ಲಿ ಕಟ್ಟಿದ ಈ ಕಾಚಿಗೂಡ ಸ್ಟೇಷನ್ ನಮ್ಮಲ್ಲಿ ಎಷ್ಟೋ ಜನರಿಗೆ ತವರಿನ ಹೊಸ್ತಿಲು ಇದ್ದ ಹಾಗೆ. ಬೆಂಗಳೂರಿನ ರೈಲು ಹತ್ತುವುದೂ ಇಲ್ಲೇ, ಇಳಿಯುವುದೂ ಇಲ್ಲೇ. 2019ರ ನವೆಂಬರ್ 11ರ ಬೆಳಿಗ್ಗೆ ಇದೇ ಸ್ಟೇಷನ್ನಿನಲ್ಲಿ ಎಂಎಂಟಿಎಸ್ ಲೋಕಲ್ ರೈಲು ಹಂದ್ರಿ ಎಕ್ಸ್‌ಪ್ರೆಸ್ಸಿಗೆ ಢಿಕ್ಕಿ ಹೊಡೆದದ್ದು ನಿಮಗೆ ನೆನಪಿರಬಹುದು. ಸಿಸಿಟಿವಿ ದೃಶ್ಯವನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು. ಬಯಲಿನಲ್ಲಿ ಓಡುವ ಎಕ್ಸ್‌ಪ್ರೆಸ್ಸಿನ ವೇಗ ಅಲ್ಲಿರಲಿಲ್ಲ. ಆದರೂ ಡಬ್ಬಿಗಳು ಹಳಿ ಬಿಟ್ಟು ಮೇಲೆದ್ದವು. ಲೋಕಲ್ಲಿನ ಚಾಲಕರು ಗಂಟೆಗಟ್ಟಲೆ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿದ್ದು, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ವೇಗ ಕಡಿಮೆ ಇದ್ದರೂ ನೂರಾರು ಟನ್ ತೂಕ ಹಿಂದೆ ಇತ್ತು. ಅದು ನಿಲ್ಲಲು ಸಿಕ್ಕ ಸಮಯ ಕೆಲವೇ ಕ್ಷಣ.

ವೇಗದ ವಿಷಯದಲ್ಲಿ ಇನ್ನೊಂದು ಮಾತು. ಕಾರಿನ ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 36 ಕಿಲೋಮೀಟರ್ ವೇಗದಲ್ಲಿ 10 ಮೀಟರಿನೊಳಗೆ ನಿಲ್ಲುವ ಕಾರು, ಅದೇ ಬ್ರೇಕಿಗೆ, 72 ಕಿಲೋಮೀಟರ್ ವೇಗದಲ್ಲಿ 40 ಮೀಟರ್ ಹೋಗಿಬಿಡುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಓಡುವ ರೈಲಿಗೆ ಹಿಡಿತ ಇನ್ನೂ ಕಡಿಮೆ. ಪೂರ್ತಿ ವೇಗದಲ್ಲಿದ್ದರೆ ಒಂದು ಕಿಲೋಮೀಟರಿಗೂ ಹೆಚ್ಚು ಬೇಕಾಗಬಹುದು. “ಡ್ರೈವರ್ ನೋಡಿ ನಿಲ್ಲಿಸ್ತಾನ” ಎಂದು ಹಳಿ ದಾಟುವವರು ಇದನ್ನು ನೆನಪಿಡಬೇಕು. ಅವನು ನೋಡುತ್ತಾನೆ. ನಿಲ್ಲಿಸಲು ಅವನಿಂದ ಆಗುವುದಿಲ್ಲ.

ಈಗ ಸಮಯದ ವಿಷಯಕ್ಕೆ ಬರುತ್ತೇನೆ. ಮನೆ ಕಟ್ಟುವ ಕಡೆ ಕೆಲಸದವರು ಇಟ್ಟಿಗೆ ಎಸೆಯುವುದನ್ನು ನೋಡಿದ್ದೀರಿ. ಕೆಳಗಿದ್ದವನು ಎಸೆಯುತ್ತಾನೆ, ಮೇಲಿದ್ದವಳು ಹಿಡಿಯುತ್ತಾಳೆ. ಹಿಡಿಯುವಾಗ ಆಕೆ ಕೈಯನ್ನು ಬಿಗಿಯಾಗಿ ಇಡುವುದಿಲ್ಲ, ಇಟ್ಟಿಗೆಯ ಜೊತೆಗೇ ಹಿಂದಕ್ಕೆ ಒಯ್ಯುತ್ತಾಳೆ. ಇಟ್ಟಿಗೆ ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಅಂಗೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಗಾಜಿನ ಲೋಟ ಕೈ ಜಾರಿ ಹಾಸಿಗೆ ಮೇಲೆ ಬಿದ್ದರೆ ಉಳಿಯುತ್ತದೆ, ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ ಚೂರಾಗುತ್ತದೆ. ಎರಡೂ ಕಡೆ ಬಿದ್ದ ವೇಗ ಒಂದೇ, ನಿಂತ ಸಮಯ ಬೇರೆ. ಹೆಲ್ಮೆಟ್ಟಿನ ಒಳಗಿರುವ ಥರ್ಮಾಕೋಲಿನಂಥ ಪದರದ ಕೆಲಸವೂ ಇದೇ. ಏಟು ಬಿದ್ದಾಗ ಅದು ತಾನು ಅಪ್ಪಚ್ಚಿಯಾಗಿ ತಲೆಗೆ ಒಂದಿಷ್ಟು ಸಮಯ ಗಳಿಸಿಕೊಡುತ್ತದೆ. ಅದಕ್ಕೇ ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಪಟ್ಟಿ ಕಟ್ಟದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗುತ್ತದೆ, ಅದೂ ಜಡತ್ವವೇ.

ಇಲ್ಲಿಯವರೆಗೆ ಹೇಳಿದ್ದು ನಾನು 31 ವರ್ಷ ಹೇಳಿದ ಪಾಠ. ಇನ್ನು ಮುಂದಿನದು ನನ್ನ ಮನೆಯ ಮಾತು.

ನನ್ನ ಮೊಮ್ಮಗಳಿಗೆ ಆಗ ಒಂದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ತೂಕ 10 ಕೆಜಿ. ಅಮೆರಿಕದಲ್ಲಿದ್ದ ಸೊಸೆಯ ಅಣ್ಣ ಕಾರಿನಲ್ಲಿ ಕಟ್ಟುವ ಮಕ್ಕಳ ಸೀಟು ತಂದುಕೊಟ್ಟಿದ್ದ. ಅದರಲ್ಲಿ ಕೂಡಿಸಿದರೆ ಕೂಸು ಅಳುತ್ತಿತ್ತು. ಅವತ್ತು ಉಪ್ಪಲ್‌ನಲ್ಲಿ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯ. ಹೊರಡುವಾಗ ಸೊಸೆ ಕೂಸನ್ನು ಆ ಸೀಟಿನಲ್ಲಿ ಕೂಡಿಸಲು ಹೋದಳು. ಕೂಸು ಕಿರುಚಿತು. ನಾನು, “ಕೂಸಿನ್ನ ಕಳ್ಳನ್ನ ಕಟ್ಟಿದಂಗ ಕಟ್ತೀಯೇನವ್ವ? ನನ್ನ ತೊಡಿ ಮ್ಯಾಲ ಆರಾಮ ಮಲಗ್ತದ, ಕೊಡು ಇಲ್ಲೆ” ಅಂದೆ. “ಅತ್ತಿ, ಅಳ್ತದಂತ ಬಿಟ್ರ ರೂಢಿನ ಆಗೂದಿಲ್ಲರಿ” ಅಂದಳು. “ನಾಲ್ಕು ಮಕ್ಕಳನ್ನ ಎತ್ತಿ ಆಡ್ಸಿದ ಕೈ ಇದು” ಅಂದೆ ನಾನು. ಅವಳು ಮತ್ತೆ ಮಾತಾಡಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟಳು. ಮಂಡಿ ನೋವಿದ್ದುದರಿಂದ ನಾನು ಮುಂದಿನ ಸೀಟಿನಲ್ಲಿ ಕೂತೆ. ಕೂಸಿಗೆ ಒತ್ತುತ್ತದೆ ಎಂದು ಬೆಲ್ಟೂ ಹಾಕಲಿಲ್ಲ.

ಅಂಬರ್‌ಪೇಟೆ ದಾಟುವಾಗ ಒಂದು ಆಟೋ ಪಕ್ಕದ ಗಲ್ಲಿಯಿಂದ ಅಡ್ಡ ಬಂತು. ಮಗ ಬ್ರೇಕ್ ಒತ್ತಿದ. ಕಾರು ಯಾವುದಕ್ಕೂ ತಾಗಲಿಲ್ಲ. ವೇಗ ಮೂವತ್ತೂ ಇರಲಿಲ್ಲ. ಆದರೆ ಕೂಸು ನನ್ನ ಕೈಯಲ್ಲಿ ಇರಲಿಲ್ಲ. ಡ್ಯಾಶ್‌ಬೋರ್ಡಿಗೆ ಹಣೆ ಬಡಿದು ನನ್ನ ಕಾಲ ಬಳಿ ಬಿದ್ದಿತ್ತು. ಎಡ ಹುಬ್ಬಿನ ಮೇಲೆ ಸೀಳಿ ರಕ್ತ.

ಮೂರು ಹೊಲಿಗೆ ಬಿದ್ದವು. ಬೇರೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಕೇಳಿದವರಿಗೆಲ್ಲ ನಾನೇ, “ಬ್ರೇಕ್ ಜೋರ್ ಬಿತ್ತು, ಆಟೋದವ ಅಡ್ಡ ಬಂದ” ಎಂದು ಹೇಳಿದೆ. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ನಗಬೇಡಿ, ಭೌತವಿಜ್ಞಾನದ ಟೀಚರೂ ದೃಷ್ಟಿ ತೆಗೆಯುತ್ತಾಳೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಮಾಡಿದೆ.

ಆ ಲೆಕ್ಕ ಇಷ್ಟೇ. ಜೋರಾಗಿ ಬ್ರೇಕ್ ಹಿಡಿದಾಗ ಕಾರಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರಿನಂತೆ ಇಳಿಯುತ್ತದೆ. ಕೂಸಿಗೆ ಅದು ತಿಳಿಯದು. ಅದು ಹೋಗುತ್ತಿದ್ದ ವೇಗದಲ್ಲೇ ಮುಂದೆ ಹೋಗುತ್ತದೆ. 10 ಕೆಜಿ ಕೂಸನ್ನು ಕಾರಿನ ಜೊತೆಗೆ ನಿಲ್ಲಿಸಲು 70 ನ್ಯೂಟನ್ ಬಲ ಬೇಕು. ಎರಡು ನಿಂಬೆಹಣ್ಣು ಅಂಗೈ ಮೇಲಿಟ್ಟರೆ ಹತ್ತಿರಹತ್ತಿರ 1 ನ್ಯೂಟನ್ ಎಂದು ತಿಳಿಯಿರಿ. 70 ನ್ಯೂಟನ್ ಅಂದರೆ 7 ಕೆಜಿ ಅಕ್ಕಿಯ ಚೀಲವನ್ನು ಎತ್ತಿ ಹಿಡಿದಷ್ಟು. ಅಷ್ಟೇ. ಅಷ್ಟು ಹಿಡಿಯುವ ಶಕ್ತಿ ನನ್ನ ಕೈಯಲ್ಲಿತ್ತು. ಆದರೆ ಅದು ಬೇಕಾದದ್ದು ಆ ಕ್ಷಣಕ್ಕೆ, ಹೇಳದೆ ಕೇಳದೆ. ನಾನು ಸಿದ್ಧಳಿರಲಿಲ್ಲ. ಜೊತೆಗೆ ನಾನೂ ಮುಂದೆ ಹೋಗುತ್ತಿದ್ದೆ.

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ. ಮಾಡಬಾರದಿತ್ತು, ಮಾಡಿದೆ. ಕಾರು 36 ಕಿಲೋಮೀಟರ್ ವೇಗದಲ್ಲಿ ಒಂದು ಕಂಬಕ್ಕೆ ಗುದ್ದಿದ್ದರೆ? ಆ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಮುಂದಿನ ಬಾನೆಟ್ ಅರ್ಧ ಮೀಟರ್ ನುಗ್ಗಾಗಿ ಕಾರು ನಿಲ್ಲಲು ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗ. ಆಗ ಕೂಸನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ 1000 ನ್ಯೂಟನ್. ಒಂದು ಕ್ವಿಂಟಾಲ್ ಅಕ್ಕಿ ಮೂಟೆಯ ಭಾರ. ಕಣ್ಣು ಮಿಟುಕಿಸುವಷ್ಟರಲ್ಲಿ ಕ್ವಿಂಟಾಲ್ ಮೂಟೆ ಎತ್ತಿ ಹಿಡಿಯುವ ತಾಯಿ ಎಲ್ಲಿದ್ದಾಳೆ? ಅಜ್ಜಿ ಎಲ್ಲಿದ್ದಾಳೆ? ಅದೂ ಸಾಲದು. ಬೆಲ್ಟು ಹಾಕದ ನನ್ನ 62 ಕೆಜಿ ದೇಹ ಹಿಂದಿನಿಂದ ಬಂದು ಕೂಸಿನ ಮೇಲೆ ಬೀಳುತ್ತಿತ್ತು. ಡ್ಯಾಶ್‌ಬೋರ್ಡಿಗೂ ನನಗೂ ನಡುವೆ ಅದು. ಕೂಸನ್ನು ಕಾಪಾಡಲು ಕೂತ ನಾನೇ ಅದರ ಮೇಲೆ ಬೀಳುವ ಬಂಡೆ ಆಗುತ್ತಿದ್ದೆ.

ಆ ಹಾಳೆ ಹರಿದು ಎಸೆದೆ. ಮರುದಿನದಿಂದ ಕೂಸು ಸೀಟಿನಲ್ಲೇ ಕೂತಿತು, ಎಂಟು ದಿನ ಅತ್ತು ಒಂಬತ್ತನೇ ದಿನ ರೂಢಿಯಾಯಿತು. ಆದರೆ ಸೊಸೆಗೆ, ನೀನು ಹೇಳಿದ್ದು ಸರಿ ಇತ್ತು, ತಪ್ಪು ನನ್ನದು ಎಂಬ ಮಾತನ್ನು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅತ್ತೆ-ಸೊಸೆಯರ ನಡುವೆ ಇಂಥ ಎಷ್ಟೋ ಮಾತು ಹಾಗೇ ಉಳಿದುಬಿಡುತ್ತವೆ, ನಿಮಗೆ ಗೊತ್ತಿಲ್ಲದ್ದೇನಲ್ಲ.

ಈ ವರ್ಷ ಮೊಮ್ಮಗಳು ಒಂಬತ್ತನೇ ತರಗತಿಗೆ ಬಂದಳು. ಒಂದು ಸಂಜೆ ಪುಸ್ತಕ ಹಿಡಿದು ಬಂದು, “ಅಜ್ಜಿ, ಬಸ್ಸು ಬ್ರೇಕ್ ಹಾಕಿದಾಗ ಪ್ರಯಾಣಿಕರು ಮುಂದಕ್ಕೆ ಯಾಕ ಬಾಗ್ತಾರ? ಉತ್ತರ ಹೇಳಿಕೊಡು” ಅಂದಳು. ಹೇಳಿಕೊಟ್ಟೆ. ಬರೆದುಕೊಂಡಳು. ಆಮೇಲೆ ಪೆನ್ನಿನಿಂದ ಹುಬ್ಬಿನ ಮೇಲಿನ ಗೆರೆ ಮುಟ್ಟಿಕೊಂಡು, “ಇದೂ ಜಡತ್ವನ ಅಲ್ಲ? ಅವತ್ತು ನೀನು ನನ್ನ ಹಿಡಕೊಂಡಿದ್ದಿಲ್ಲೇನು?” ಎಂದು ಕೇಳಿದಳು.

“ಹಿಡಕೊಂಡಿದ್ದೆ ತಾಯಿ. ಹಿಡಿಯೋದು ಸಾಲಲಿಲ್ಲ” ಎಂದೆ.

ಅವತ್ತು ರಾತ್ರಿ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೆಗೆದಿಡುತ್ತಿದ್ದಳು. ಹತ್ತಿರ ಹೋಗಿ, “ಆ ಸೀಟಿನ ವಿಷಯದಾಗ ನಿಂದು ಖರೆ ಇತ್ತು ನೋಡವ್ವ. ನಾನು ಕೇಳಬೇಕಿತ್ತು” ಅಂದೆ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. “ಅವತ್ತು ನಾನೂ ಇನ್ನೊಂದ್ಸಲ ಹೇಳಬೇಕಿತ್ತು ಅಂತ ಈಗ್ಲೂ ಅನಸ್ತದರಿ ಅತ್ತಿ” ಅಂದಳು. ಹದಿಮೂರು ವರ್ಷ ಅವಳೂ ಅದನ್ನು ಹೊತ್ತುಕೊಂಡೇ ಇದ್ದಳು. ನನಗೆ ಅದು ತಿಳಿದಿರಲೇ ಇಲ್ಲ. ಈ ಕಥೆ ಇಲ್ಲಿ ಹೇಳು ಎಂದವಳೂ ಅವಳೇ.

ಅದಕ್ಕೇ ನಿಮ್ಮಲ್ಲಿ ನಾಲ್ಕು ವಿನಂತಿ.

ಒಂದು, ಕಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂಡಿಸಬೇಡಿ, ಮುಂದಿನ ಸೀಟಿನಲ್ಲಂತೂ ಬೇಡವೇ ಬೇಡ. ಏರ್‌ಬ್ಯಾಗ್ ದೊಡ್ಡವರಿಗಾಗಿ ಇರುವುದು. ಸೆಕೆಂಡಿನ ಸಣ್ಣ ಭಾಗದಲ್ಲಿ ಉಬ್ಬುವ ಅದರ ಹೊಡೆತ ಪುಟ್ಟ ಮಗುವಿಗೆ ತಾಳದು. ಮಕ್ಕಳ ಸೀಟು ಹಿಂದಿನ ಸೀಟಿನ ಮೇಲೆ ಇರಲಿ. ತೀರ ಎಳೆಯ ಕೂಸಿನದು ಹಿಂದಕ್ಕೆ ಮುಖ ಮಾಡಿರಲಿ. ಆಗ ನಿಲ್ಲಿಸುವ ಬಲ ಎಳೆಯ ಕುತ್ತಿಗೆಯ ಮೇಲೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ನಿಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳಬೇಡಿ, ನಿಮ್ಮ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡವಿದೆ. ನನಗೆ ಆ 1000 ರೂಪಾಯಿಗಿಂತ ಈ 1000 ನ್ಯೂಟನ್ನೇ ಹೆಚ್ಚು ಹೆದರಿಕೆ.

ಎರಡು, ಹಿಂದೆ ಕೂತ ನಾವೂ ಬೆಲ್ಟು ಹಾಕೋಣ. ಸೀರೆ ಸುಕ್ಕಾಗುತ್ತದೆ, ನಿಜ. ಮಂತ್ರಾಲಯಕ್ಕೋ ಗಾಣಗಾಪುರಕ್ಕೋ ಹೋಗಿ ಬರುವಾಗ ಹಿಂದಿನ ಗಾಜಿನ ಬಳಿ ತೆಂಗಿನಕಾಯಿ, ಸ್ಟೀಲ್ ಡಬ್ಬಿ ಇಡಬೇಡಿ. ಕಾರು ಗಕ್ಕನೆ ನಿಂತರೆ ಅವು ನಿಲ್ಲುವುದಿಲ್ಲ. ಡಿಕ್ಕಿಯಲ್ಲಿ ಇಡಿ.

ಮೂರು, ಸ್ಕೂಟರಿನಲ್ಲಿ ಹಿಂದೆ ಕೂರುವವರಿಗೂ, ಮಕ್ಕಳಿಗೂ ಹೆಲ್ಮೆಟ್ ಬೇಕು, ಪಟ್ಟಿ ಕಟ್ಟಿಯೇ. ಸೆರಗು, ದುಪ್ಪಟ್ಟ ಸೊಂಟಕ್ಕೆ ಸಿಕ್ಕಿಸಿರಲಿ. ತಿರುಗುವ ಗಾಲಿಗೆ ಸೆರಗು ಸಿಕ್ಕಿದರೆ ಎಳೆಯುವುದು ಬಟ್ಟೆಯನ್ನಷ್ಟೇ ಅಲ್ಲ.

ನಾಲ್ಕನೆಯದು ನಮ್ಮ ಸ್ಟೇಷನ್ನಿಗೆ ಸೇರಿದ್ದು. ಬೀಗರನ್ನು ಹತ್ತಿಸಲು ಹೋಗಿ, ಸಾಮಾನು ಇಟ್ಟುಕೊಡುತ್ತ ಒಳಗೇ ಮಾತಿಗೆ ನಿಲ್ಲುತ್ತೇವೆ. ರೈಲು ಹೊರಟೇಬಿಡುತ್ತದೆ. ಗಾಬರಿಯಲ್ಲಿ ಧುಮುಕುತ್ತೇವೆ. ನಿಮ್ಮ ಇಡೀ ದೇಹಕ್ಕೆ ಆಗ ರೈಲಿನ ವೇಗ ಇರುತ್ತದೆ. ಪ್ಲಾಟ್‌ಫಾರ್ಮ್ ಮುಟ್ಟಿದ ಕಾಲು ಮಾತ್ರ ನಿಲ್ಲುತ್ತದೆ, ಮೇಲಿನದು ಮುಂದೆ ಹೋಗುತ್ತದೆ. ಪಕ್ಕದಲ್ಲೇ ಗಾಲಿ ಇರುತ್ತದೆ. ಇಳಿಯಬೇಡಿ. ಮುಂದಿನ ಸ್ಟೇಷನ್ನಿನವರೆಗೆ ಹೋಗಿ, ದಂಡ ಕಟ್ಟಿ, ಬೀಗರ ಬುತ್ತಿಯಲ್ಲಿ ಪಾಲು ತಿಂದು ವಾಪಸ್ ಬನ್ನಿ.

ಕೂಸನ್ನು ಎದೆಗವಚಿಕೊಂಡರೆ ಕ್ಷೇಮ ಎಂದು ನಮ್ಮ ಕೈಗೆ ಹುಟ್ಟಿನಿಂದ ಗೊತ್ತು. ಬಿದ್ದಾಗ, ಮಳೆಯಲ್ಲಿ, ಕತ್ತಲಲ್ಲಿ ಅದು ನಿಜವೇ. ಓಡುವ ಕಾರಿನಲ್ಲಿ ಮಾತ್ರ ನಿಜವಲ್ಲ. ಅಲ್ಲಿ ಪ್ರೀತಿಯ ಕೆಲಸವನ್ನು ಎರಡು ಬೆರಳಗಲದ ಬೆಲ್ಟು ಮಾಡಬೇಕು. ಮನೆಯಲ್ಲಿ ಕಿರಿಯರು ಯಾರಾದರೂ ಇದನ್ನು ಹೇಳಿದರೆ, ಅವರು ನಮ್ಮ ಕೈಯನ್ನು ನಂಬುತ್ತಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನಾನು ಮಾಡಿಕೊಂಡೆ.

ನೀವು ಏಳುವ ಮುನ್ನ ಒಂದು ಮಾತು. ಲೋಟದೊಳಗೆ ಬಿದ್ದ ನಾಣ್ಯ ನಮ್ಮ ಖಜಾಂಚಿಯವರದು, ದಯವಿಟ್ಟು ನೆನಪಿನಿಂದ ತೆಗೆದುಕೊಳ್ಳಬೇಕು. ಭಜಿ ಆರುವ ಮೊದಲು ಎಲ್ಲರೂ ಬನ್ನಿ.